ಡಿ.ಎಡ್ ಮಾಡೋದಾ, ಬಿ.ಎಡ್ ಮಾಡೋದಾ? ಟಿಇಟಿ ತೀರ್ಪಿನ ನಂತರ ಮೇಷ್ಟ್ರಾಗುವ ದಾರಿ

2025ರ ಸೆಪ್ಟೆಂಬರ್ 1. ಶಿಕ್ಷಕರ ದಿನಕ್ಕೆ ಇನ್ನು ನಾಲ್ಕೇ ದಿನ ಇತ್ತು. ಅವತ್ತು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಂದರಿಂದ ಎಂಟನೇ ತರಗತಿವರೆಗೆ ಪಾಠ ಮಾಡುವವರು ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಪಾಸಾಗಿರಲೇಬೇಕು. ಹೊಸಬರು ಮಾತ್ರ ಅಲ್ಲ, ಈಗಾಗಲೇ ಕೆಲಸದಲ್ಲಿರುವವರೂ ಪಾಸಾಗಬೇಕು.

ಅವತ್ತಿನಿಂದ ಒಂದೇ ಸ್ಟಾಫ್ ರೂಮಿನಲ್ಲಿ ಎರಡು ಥರದ ಗೊಂದಲ. ಇಪ್ಪತ್ತೈದು ವರ್ಷ ಪಾಠ ಮಾಡಿದ ಟೀಚರ್ ಕೇಳುತ್ತಾರೆ: ನಾನು ಈಗ ಮತ್ತೆ ಪರೀಕ್ಷೆ ಬರೆಯಬೇಕಾ? ಪಕ್ಕದಲ್ಲೇ ಕೂತ ಅತಿಥಿ ಶಿಕ್ಷಕಿ ಕೇಳುತ್ತಾರೆ: ನಾನು ಟಿಇಟಿ ಪಾಸಾಗಿ ಎಷ್ಟೋ ವರ್ಷ ಆಯ್ತು, ನನಗೆ ಯಾಕೆ ಕೆಲಸ ಸಿಕ್ಕಿಲ್ಲ? ಊರಲ್ಲಿ ಪಿಯುಸಿ ಮುಗಿಸಿ ಕೂತ ಹುಡುಗ, ಹುಡುಗಿಯರದ್ದು ಇನ್ನೊಂದು ಪ್ರಶ್ನೆ. ಮೇಷ್ಟ್ರಾಗಬೇಕು ಅಂತ ಆಸೆ ಇದೆ, ಆದರೆ ಯಾವ ಕೋರ್ಸ್ ಮಾಡಬೇಕು?

ಈ ಮೂರೂ ಪ್ರಶ್ನೆ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದೊಂದಾಗಿ ಬಿಡಿಸಿ ನೋಡೋಣ.

ತೀರ್ಪು ಹೇಳಿದ್ದೇನು?

ನ್ಯಾಯಮೂರ್ತಿ ದೀಪಾಂಕರ್ ದತ್ತಾ ಮತ್ತು ಅಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ ಕೊಟ್ಟ ತೀರ್ಪು ಇದು. ಸೇವೆಯಲ್ಲಿರುವ ಶಿಕ್ಷಕರನ್ನು ಅದು ಎರಡು ಗುಂಪು ಮಾಡಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಇರುವವರು ಟಿಇಟಿ ಇಲ್ಲದೆಯೇ ನಿವೃತ್ತಿವರೆಗೆ ಕೆಲಸ ಮಾಡಬಹುದು, ಆದರೆ ಬಡ್ತಿ ಬೇಕು ಅಂದರೆ ಟಿಇಟಿ ಬೇಕೇ ಬೇಕು. ಐದು ವರ್ಷಕ್ಕಿಂತ ಜಾಸ್ತಿ ಇರುವವರು ಎರಡು ವರ್ಷದೊಳಗೆ ಪಾಸಾಗಬೇಕು. ಆಗದಿದ್ದರೆ ಕೆಲಸ ಬಿಡಬೇಕಾಗುತ್ತದೆ, ಅಥವಾ ಕಡ್ಡಾಯ ನಿವೃತ್ತಿ. ಅರ್ಹ ಸೇವೆ ಮುಗಿದಿದ್ದರೆ ನಿವೃತ್ತಿಯ ಸೌಲಭ್ಯ ಸಿಗುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೂ ಇದು ಅನ್ವಯ ಆಗುತ್ತದಾ ಅನ್ನುವ ವಿಷಯವನ್ನು ಮಾತ್ರ ದೊಡ್ಡ ಪೀಠದ ಮುಂದಿಡಲು ಹೇಳಿತು.

ನಮ್ಮ ಕರ್ನಾಟಕದಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಹಾಗಾಗಿ ಲೆಕ್ಕ ಸುಲಭ. 2029ರಲ್ಲಿ ನಿವೃತ್ತಿಯಾಗುವ ಅರಕಲಗೂಡಿನ ಮೇಷ್ಟ್ರು ಒಬ್ಬರು ಇದ್ದಾರೆ ಅಂದುಕೊಳ್ಳಿ. ಅವರ ಕೆಲಸಕ್ಕೆ ತೊಂದರೆ ಇಲ್ಲ, ಬಡ್ತಿ ಮಾತ್ರ ಇಲ್ಲ. ಟಿಸಿಹೆಚ್ (ಆಗಿನ ಶಿಕ್ಷಕ ತರಬೇತಿ ಕೋರ್ಸ್) ಮುಗಿಸಿ 1999ರಲ್ಲಿ 23ನೇ ವಯಸ್ಸಿಗೆ ಕೆಲಸಕ್ಕೆ ಸೇರಿದ ಕಡೂರಿನ ಟೀಚರ್‌ಗೆ ನಿವೃತ್ತಿ 2036ರಲ್ಲಿ. ಅವರು 2027ರ ಸೆಪ್ಟೆಂಬರ್ ಒಳಗೆ ಟಿಇಟಿ ಪಾಸಾಗಬೇಕು. ಹೈಸ್ಕೂಲಿನಲ್ಲಿ 9 ಮತ್ತು 10ನೇ ತರಗತಿಗಷ್ಟೇ ಪಾಠ ಮಾಡುವವರಿಗೆ ಈ ತೀರ್ಪು ತಾಗುವುದಿಲ್ಲ, ಯಾಕೆಂದರೆ ಟಿಇಟಿ ನಿಯಮ ಇರುವುದೇ ಎಂಟನೇ ತರಗತಿವರೆಗೆ.

ಇದು ಶುರುವಾಗಿದ್ದು 2010ರಲ್ಲಿ

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅಂತ ಹೇಳಿದ ಮೇಲೆ ಆ ಶಿಕ್ಷಣ ಕೊಡುವವರು ಯಾರು, ಅವರಿಗೆ ಏನು ಗೊತ್ತಿರಬೇಕು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕಾಯ್ದೆಯ 23ನೇ ಸೆಕ್ಷನ್ ಅದನ್ನು ಹೇಳುತ್ತದೆ. ಕನಿಷ್ಠ ಅರ್ಹತೆ ಏನು ಅಂತ ತೀರ್ಮಾನಿಸುವ ಕೆಲಸ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿಗೆ, ಅಂದರೆ ಎನ್‌ಸಿಟಿಇಗೆ, ಬಂತು. 2010ರ ಆಗಸ್ಟ್ 23ರಂದು ಎನ್‌ಸಿಟಿಇ ಅಧಿಸೂಚನೆ ಹೊರಡಿಸಿ ಟಿಇಟಿ ಕಡ್ಡಾಯ ಅಂದಿತು.

ಆ ಅಧಿಸೂಚನೆಯಲ್ಲಿ ಹಳಬರಿಗೆ ಒಂದಷ್ಟು ವಿನಾಯಿತಿ ಇತ್ತು. ಹಾಗಾಗಿ ಎಲ್ಲರೂ ಟಿಇಟಿ ಹೊಸಬರಿಗೆ ಮಾತ್ರ ಅಂದುಕೊಂಡರು. ಇಲಾಖೆಗಳೂ ಹಾಗೇ ನಡೆದುಕೊಂಡವು. 2017ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. 2015ರ ಮಾರ್ಚ್ 31ಕ್ಕೆ ಕೆಲಸದಲ್ಲಿದ್ದು ಕನಿಷ್ಠ ಅರ್ಹತೆ ಇಲ್ಲದವರು ನಾಲ್ಕು ವರ್ಷದಲ್ಲಿ ಅದನ್ನು ಗಳಿಸಬೇಕು ಅಂತ ಅದು ಹೇಳಿತು. ಇದರ ಅರ್ಥ ತರಬೇತಿ ಇಲ್ಲದವರು ಡಿ.ಎಲ್.ಎಡ್ (ನಾವು ಡಿ.ಎಡ್ ಅನ್ನುವ ಕೋರ್ಸ್) ಮಾಡಬೇಕು ಅಂತ ಬಹಳ ಜನ ತಿಳಿದರು. ಆ ಕನಿಷ್ಠ ಅರ್ಹತೆಯಲ್ಲಿ ಟಿಇಟಿಯೂ ಸೇರಿದೆ ಅನ್ನುವುದು ಸುಪ್ರೀಂ ಕೋರ್ಟ್ ಈಗ ಮಾಡಿರುವ ಅರ್ಥ.

ಅಂದರೆ ಕಾನೂನು ಹೊಸದಲ್ಲ, ಅದನ್ನು ಓದಿದ ರೀತಿ ಹೊಸದು. ಹದಿನೈದು ವರ್ಷ ಯಾರೂ ಕೇಳದೇ ಇದ್ದದ್ದನ್ನು ಎರಡು ವರ್ಷದಲ್ಲಿ ತೋರಿಸಿ ಅಂದಾಗ ಗಾಬರಿ ಆಗುವುದು ಸಹಜ ಅಲ್ವಾ?

ಎರಡೂ ಕಡೆಯ ವಾದ

ಶಿಕ್ಷಕರ ವಾದ ಇದು: ನಾವು ಸೇರಿದಾಗ ಇದ್ದ ನಿಯಮದ ಪ್ರಕಾರ ಓದಿ, ಪರೀಕ್ಷೆ ಬರೆದು, ಆಯ್ಕೆಯಾಗಿ ಬಂದಿದ್ದೇವೆ. ಆಟದ ಮಧ್ಯ ನಿಯಮ ಬದಲಾಯಿಸಿದರೆ ಹೇಗೆ? ಇಷ್ಟು ವರ್ಷದ ಪಾಠ, ತರಬೇತಿ, ಫಲಿತಾಂಶ ಯಾವುದಕ್ಕೂ ಲೆಕ್ಕ ಇಲ್ಲವಾ? ಉತ್ತರ ಪ್ರದೇಶ, ತಮಿಳುನಾಡಿನಂಥ ರಾಜ್ಯಗಳು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ತೀರ್ಪಿನ ಮರುಪರಿಶೀಲನೆ ಕೇಳಲು ಮುಂದಾದವು. ದೊಡ್ಡ ಸಂಖ್ಯೆಯ ಶಿಕ್ಷಕರು ಒಟ್ಟಿಗೆ ಹೊರಬಿದ್ದರೆ ತರಗತಿಗಳಿಗೆ ಯಾರು ಅನ್ನುವ ಭಯವೂ ಅದರ ಹಿಂದಿದೆ.

ಇನ್ನೊಂದು ಕಡೆಯ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹಕ್ಕು ಇರುವುದು ಮಗುವಿಗೆ. ಚೆನ್ನಾಗಿ ಕಲಿಸುವ ಶಿಕ್ಷಕರು ಸಿಗಬೇಕು ಅನ್ನುವುದು ಆ ಹಕ್ಕಿನ ಭಾಗ. ಹೊಸಬರಿಗೆ ಒಂದು ಅಳತೆ, ಹಳಬರಿಗೆ ಇನ್ನೊಂದು ಅಂತ ಇಟ್ಟರೆ ಯಾವ ಮಗುವಿಗೆ ಯಾವ ಶಿಕ್ಷಕರು ಸಿಗುತ್ತಾರೆ ಅನ್ನುವುದು ಅದೃಷ್ಟದ ಮಾತಾಗುತ್ತದೆ.

ಇಲ್ಲಿ ಟಿಇಟಿ ಏನನ್ನು ಅಳೆಯುತ್ತದೆ ಅಂತ ನೋಡಬೇಕು. 1ರಿಂದ 5ನೇ ತರಗತಿಯ ಶಿಕ್ಷಕರಾಗುವವರಿಗೆ ಇರುವ ಮೊದಲ ಪತ್ರಿಕೆಯಲ್ಲಿ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಮಕ್ಕಳ ವಿಕಾಸ ಮತ್ತು ಬೋಧನಾ ವಿಧಾನಕ್ಕೆ 30, ಮೊದಲ ಭಾಷೆಗೆ 30, ಎರಡನೇ ಭಾಷೆಗೆ 30, ಗಣಿತಕ್ಕೆ 30, ಪರಿಸರ ಅಧ್ಯಯನಕ್ಕೆ 30. ಎಲ್ಲವೂ ಸರಿಯುತ್ತರ ಆರಿಸುವ ಪ್ರಶ್ನೆಗಳು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಶೇ 60 ಬಂದರೆ, ಅಂದರೆ 90 ಅಂಕ ಬಂದರೆ, ಪಾಸು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶೇ 55.

ಇದರಲ್ಲಿ ಪಾಠ ಮಾಡುವ ಕೌಶಲ ಕಾಣುವುದಿಲ್ಲ. ಅಳುತ್ತ ಬಂದ ಒಂದನೇ ಕ್ಲಾಸಿನ ಮಗುವನ್ನು ಹತ್ತು ನಿಮಿಷದಲ್ಲಿ ಚಾಪೆ ಮೇಲೆ ಕೂರಿಸಿ ಕಾರ್ಡ್ ಹಿಡಿಸುವ ಟೀಚರ್‌ನ ಜಾಣ್ಮೆಗೆ ಇಲ್ಲಿ ಅಂಕ ಇಲ್ಲ. ಆದರೆ ಐದನೇ ತರಗತಿಯ ಭಿನ್ನರಾಶಿ ಗೊತ್ತಾ, ಎರಡನೇ ಭಾಷೆಯಾದ ಇಂಗ್ಲಿಷ್‌ನ ಒಂದು ಪ್ಯಾರಾ ಓದಿ ಅರ್ಥ ಮಾಡಿಕೊಳ್ಳಲು ಬರುತ್ತದಾ ಅನ್ನುವುದು ತಿಳಿಯುತ್ತದೆ. ಅದೂ ಬೇಕು. ನನ್ನ ಅಭಿಪ್ರಾಯ ಹೇಳುವುದಾದರೆ, ಈ ಪರೀಕ್ಷೆ ಕಷ್ಟ ಆಗುವುದು ವಿಷಯ ಕಠಿಣ ಅಂತಲ್ಲ. ಇಪ್ಪತ್ತು ವರ್ಷ ಒಂದು ಭಾಷೆ, ಒಂದು ವಿಷಯಕ್ಕೆ ಅಂಟಿಕೊಂಡವರಿಗೆ ಐದು ಭಾಗ ಒಟ್ಟಿಗೆ ಓದಬೇಕಾಗಿದೆ, ಅದೂ ಶಾಲೆ ಮತ್ತು ಮನೆ ಎರಡನ್ನೂ ತೂಗಿಸಿಕೊಂಡು. ಅವರಿಗೆ ಬೇಕಿರುವುದು ಬೆದರಿಕೆಯಲ್ಲ, ಜಿಲ್ಲೆಯ ಡಯಟ್‌ನಲ್ಲಿ ರಜೆ ದಿನದ ತರಗತಿಗಳು. ಹಾಸನದಲ್ಲೂ ಡಯಟ್ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಶಿಕ್ಷಕರ ತರಬೇತಿಗೆಂದೇ ಇರುವ ಸಂಸ್ಥೆಗಳು ಇವು.

ಎಷ್ಟು ಅವಕಾಶ ಸಿಗುತ್ತದೆ ಅನ್ನುವುದೂ ಮುಖ್ಯ. ನಮ್ಮ ರಾಜ್ಯದ ಟಿಇಟಿ 2022ರಲ್ಲಿ ನವೆಂಬರ್ 6ಕ್ಕೆ ನಡೆಯಿತು, 2023ರಲ್ಲಿ ಸೆಪ್ಟೆಂಬರ್ 3ಕ್ಕೆ, 2024ರಲ್ಲಿ ಜೂನ್ 30ಕ್ಕೆ. ಆಮೇಲಿನದು 2025ರ ಡಿಸೆಂಬರ್‌ಗೆ ಬಂತು. ವರ್ಷಕ್ಕೆ ಒಂದು ಅಂತ ಮೇಲ್ನೋಟಕ್ಕೆ ಕಾಣುತ್ತದೆ, ಆದರೆ ಕೊನೆಯ ಎರಡರ ನಡುವೆ ಹದಿನೇಳು ತಿಂಗಳ ಅಂತರ ಇದೆ. ಇದೇ ಲೆಕ್ಕದಲ್ಲಿ ನಡೆದರೆ ಎರಡು ವರ್ಷದ ಗಡುವಿನಲ್ಲಿ ಒಬ್ಬ ಶಿಕ್ಷಕರಿಗೆ ಸಿಗುವುದು ಎರಡೇ ಅವಕಾಶ, ಹೆಚ್ಚೆಂದರೆ ಮೂರು.

2023ರ ಇನ್ನೊಂದು ತೀರ್ಪು, ಕೋರ್ಸ್ ಆರಿಸುವವರಿಗೆ ಅದೇ ಮುಖ್ಯ

ಟಿಇಟಿ ತೀರ್ಪಿನ ಗಲಾಟೆಯಲ್ಲಿ ಹುಡುಗರು ಮರೆಯುತ್ತಿರುವ ಇನ್ನೊಂದು ತೀರ್ಪು ಇದೆ. 2018ರ ಜೂನ್‌ನಲ್ಲಿ ಎನ್‌ಸಿಟಿಇ ಒಂದು ಅಧಿಸೂಚನೆ ಹೊರಡಿಸಿ, ಬಿ.ಎಡ್ ಮಾಡಿದವರೂ 1ರಿಂದ 5ನೇ ತರಗತಿಗೆ ಶಿಕ್ಷಕರಾಗಬಹುದು, ಸೇರಿದ ಮೇಲೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡಿದರೆ ಸಾಕು ಅಂದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಅಧಿಸೂಚನೆಯನ್ನೇ ರದ್ದು ಮಾಡಿತು. ಚಿಕ್ಕ ಮಕ್ಕಳಿಗೆ ಕಲಿಸಲು ಬೇಕಾದ ತರಬೇತಿ ಡಿ.ಎಲ್.ಎಡ್‌ನಲ್ಲಿದೆ, ಬಿ.ಎಡ್ ಇರುವುದು ದೊಡ್ಡ ತರಗತಿಗಳಿಗೆ ಅನ್ನುವುದು ಅದರ ಕಾರಣ. ಅಷ್ಟರಲ್ಲಿ ಕೆಲಸಕ್ಕೆ ಸೇರಿದವರಿಗೆ ಮಾತ್ರ ಆಮೇಲೆ ರಕ್ಷಣೆ ಸಿಕ್ಕಿತು.

ಈ ತೀರ್ಪಿನ ಹಿಂದಿನ ವಿಚಾರ ಸರಿ ಅಂತಲೇ ಅನ್ನಿಸುತ್ತದೆ. ಓದಲು ಬಾರದ ಮಗುವಿಗೆ ಓದು ಕಲಿಸುವುದೇ ಬೇರೆ, ಓದಲು ಬರುವ ಮಗುವಿಗೆ ವಿಜ್ಞಾನ ಕಲಿಸುವುದೇ ಬೇರೆ. ಆದರೆ ಇದರ ಪರಿಣಾಮ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೇಗಿದೆ ನೋಡಿ. ಇತ್ತೀಚಿನ ವರ್ಷಗಳಲ್ಲಿ ರಾಜ್ಯದಲ್ಲಿ ನಡೆದ ದೊಡ್ಡ ನೇಮಕಾತಿಗಳು 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರದ್ದು. 1ರಿಂದ 5ರ ಹುದ್ದೆಗಳಿಗೆ ಕರೆಯುವುದೇ ಅಪರೂಪ ಆದಾಗ ಡಿ.ಎಡ್‌ಗೆ ಸೇರುವವರು ಕಡಿಮೆಯಾದರು. ಸೇರುವವರಿಲ್ಲ ಅಂತ ಡಿ.ಎಡ್ ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿದವು. ಎಲ್ಲರೂ ಬಿ.ಎಡ್ ಕಡೆ ಹೋದರು. ಈಗ ಕೋರ್ಟು ಚಿಕ್ಕ ಮಕ್ಕಳಿಗೆ ಡಿ.ಎಲ್.ಎಡ್ ಆದವರೇ ಬೇಕು ಅನ್ನುತ್ತಿದೆ. 1ರಿಂದ 5ಕ್ಕೆ ದೊಡ್ಡ ನೇಮಕಾತಿ ಬಂದ ದಿನ ಅರ್ಹರು ಸಿಗುತ್ತಾರಾ ಅನ್ನುವುದೇ ಪ್ರಶ್ನೆ.

ಮೊದಲು ತರಗತಿ, ಆಮೇಲೆ ಕೋರ್ಸ್

ಬಹಳ ಮನೆಗಳಲ್ಲಿ ಮಾತು ಶುರುವಾಗುವುದೇ ಉಲ್ಟಾ. ಬಿ.ಎಡ್ ಸೀಟು ಸಿಕ್ಕಿತು, ಸೇರಿಕೋ ಅನ್ನುತ್ತಾರೆ. ಸೇರಿ ಎರಡು ವರ್ಷ, ಮುಗಿಸಿ ಇನ್ನೆರಡು ವರ್ಷ ಕಳೆದ ಮೇಲೆ, ಬಂದ ಹುದ್ದೆಗೆ ಇದು ನಡೆಯಲ್ಲ ಅಂತ ಗೊತ್ತಾಗುತ್ತದೆ. ಹಾಗಾಗಿ ಮೊದಲು ತೀರ್ಮಾನ ಆಗಬೇಕಾದದ್ದು ಒಂದೇ: ನೀವು ಯಾವ ವಯಸ್ಸಿನ ಮಕ್ಕಳ ಮುಂದೆ ನಿಲ್ಲಬೇಕು ಅಂದುಕೊಂಡಿದ್ದೀರಿ?

1ರಿಂದ 5ನೇ ತರಗತಿ ಅಂದರೆ ಪಿಯುಸಿಯಲ್ಲಿ ಶೇ 50 (ಮೀಸಲಾತಿ ಇರುವವರಿಗೆ ಶೇ 45), ಎರಡು ವರ್ಷದ ಡಿ.ಎಲ್.ಎಡ್, ಟಿಇಟಿ ಮೊದಲ ಪತ್ರಿಕೆ. ನಮ್ಮವರು ಇನ್ನೂ ಡಿ.ಎಡ್ ಅನ್ನುವುದು ಇದೇ ಕೋರ್ಸಿಗೆ.

6ರಿಂದ 8ಕ್ಕೆ ಪದವಿ ಬೇಕು, ಜೊತೆಗೆ ಬಿ.ಎಡ್ ಅಥವಾ ಡಿ.ಎಲ್.ಎಡ್, ಮತ್ತು ಟಿಇಟಿ ಎರಡನೇ ಪತ್ರಿಕೆ. ಎರಡನೇ ಪತ್ರಿಕೆಯಲ್ಲಿ 60 ಅಂಕ ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ. ಹೈಸ್ಕೂಲಿಗೆ ಪದವಿ ಮತ್ತು ಬಿ.ಎಡ್, ಅಲ್ಲಿ ಟಿಇಟಿ ಕೇಳುವುದಿಲ್ಲ. ಪಿಯು ಕಾಲೇಜಿಗೆ ಸ್ನಾತಕೋತ್ತರ ಪದವಿ, ಬಿ.ಎಡ್.

ಇದನ್ನು ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚು ಜನ ಗಮನಿಸದ ಒಂದು ವಿಷಯ ಕಾಣುತ್ತದೆ. ಪದವಿ ಜೊತೆ ಡಿ.ಎಲ್.ಎಡ್ ಇರುವವರಿಗೆ ಒಂದರಿಂದ ಎಂಟರವರೆಗೆ ಎರಡೂ ಬಾಗಿಲು ತೆರೆದಿರುತ್ತವೆ. ಪದವಿ ಜೊತೆ ಬಿ.ಎಡ್ ಇರುವವರಿಗೆ ಆರರಿಂದ ಹತ್ತರವರೆಗೆ. ಬಿ.ಎಡ್ ಅಂದರೆ ಡಿ.ಎಡ್‌ಗಿಂತ ಮೇಲಿನದು ಅನ್ನುವ ಮಾತು ಊರುಗಳಲ್ಲಿ ಇದೆ. ಅದು ಸರಿಯಲ್ಲ. ಎರಡೂ ಬೇರೆ ಬೇರೆ ವಯಸ್ಸಿನ ಮಕ್ಕಳಿಗಾಗಿ ಇರುವ ತರಬೇತಿ.

ಪದವಿಯಲ್ಲಿ ಯಾವ ವಿಷಯ ಓದಿದ್ದೀರಿ ಅನ್ನುವುದೂ ಅಷ್ಟೇ ಮುಖ್ಯ. 6ರಿಂದ 8ರ ಹುದ್ದೆಗಳನ್ನು ಗಣಿತ-ವಿಜ್ಞಾನ, ಜೀವ ವಿಜ್ಞಾನ, ಸಮಾಜ ವಿಜ್ಞಾನ, ಇಂಗ್ಲಿಷ್ ಅಂತ ವಿಷಯವಾರು ಕರೆಯುತ್ತಾರೆ. ಬಿ.ಎ ಮಾಡಿದವರ ಸಂಖ್ಯೆ ಜಾಸ್ತಿ ಇರುವ ಕಾರಣ ಸಮಾಜ ವಿಜ್ಞಾನದಲ್ಲಿ ನೂಕುನುಗ್ಗಲು. ಗಣಿತ ಓದಿದವರು ಕಡಿಮೆ, ಓದಿದವರಲ್ಲೂ ಬೆಂಗಳೂರಿನ ಕಂಪನಿ ಕೆಲಸಕ್ಕೆ ಹೋಗುವವರೇ ಹೆಚ್ಚು. ಅರಸೀಕೆರೆ, ಬೇಲೂರಿನ ಹಳ್ಳಿ ಶಾಲೆಗೆ ಗಣಿತದ ಮೇಷ್ಟ್ರು ಸಿಗುವುದು ಕಷ್ಟ ಆಗಿರುವುದು ಇದಕ್ಕೇ. ಈಗ ಪಿಯುಸಿ ಮುಗಿಸುತ್ತಿರುವ ಮಗುವಿಗೆ ಗಣಿತ ಇಷ್ಟ ಇದ್ದರೆ, ಪದವಿಯಲ್ಲಿ ಅದನ್ನು ಬಿಡಬೇಡಿ.

ಟಿಇಟಿ ಪಾಸಾದರೆ ಕೆಲಸ ಸಿಕ್ಕ ಹಾಗಲ್ಲ

ಎಲ್ಲಕ್ಕಿಂತ ದೊಡ್ಡ ಗೊಂದಲ ಇದು. ಕೋರ್ಸ್ ಬೇರೆ, ಅರ್ಹತೆ ಬೇರೆ, ನೇಮಕಾತಿ ಬೇರೆ. ಟಿಇಟಿ ಅಂದರೆ ಸರತಿಯಲ್ಲಿ ನಿಲ್ಲಲು ಕೊಡುವ ಚೀಟಿ ಅಷ್ಟೇ. ಮೊದಲು ಅದರ ಅವಧಿ ಏಳು ವರ್ಷ ಇತ್ತು, 2021ರಲ್ಲಿ ಜೀವನಪೂರ್ತಿ ಅಂತ ಮಾಡಿದರು. ಚೀಟಿಗೆ ಅವಧಿ ಇಲ್ಲ, ಸರಿ. ಆದರೆ ಕೌಂಟರ್ ತೆರೆಯುವುದು ಯಾವಾಗ?

2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಕರೆಯಿತು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ, ಉಳಿದ 10,000 ನಮ್ಮ ಜಿಲ್ಲೆಗಳೂ ಸೇರಿ ಮಿಕ್ಕ ಭಾಗಕ್ಕೆ. ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಅಷ್ಟೂ ಹುದ್ದೆ ತುಂಬಲಿಲ್ಲ, ಆಯ್ಕೆಯಾದವರು 13 ಸಾವಿರ ಚಿಲ್ಲರೆ. ಅಷ್ಟರಲ್ಲೇ ಇನ್ನೊಂದು ತಕರಾರು ಎದ್ದಿತು. ಮದುವೆಯಾದ ಹೆಣ್ಣುಮಕ್ಕಳು ಜಾತಿ-ಆದಾಯ ಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕಾ, ಗಂಡನ ಹೆಸರಿನಲ್ಲಾ? ಅದು ಹೈಕೋರ್ಟಿಗೆ ಹೋಯಿತು. ಪಟ್ಟಿ ಬದಲಾಯಿತು, ಮತ್ತೆ ಕೇಸು ಬಿತ್ತು. ನೇಮಕಾತಿ ಆದೇಶ ಕೈಗೆ ಬರುವ ಹೊತ್ತಿಗೆ 2023 ಮುಗಿಯುತ್ತ ಬಂದಿತ್ತು. ಅಂದರೆ ಅರ್ಜಿ ಹಾಕಿದ ದಿನದಿಂದ ಶಾಲೆಯ ಹಾಜರಿ ಪುಸ್ತಕಕ್ಕೆ ಸಹಿ ಹಾಕುವವರೆಗೆ ಒಂದೂವರೆ ವರ್ಷಕ್ಕೂ ಜಾಸ್ತಿ.

ಆಮೇಲೆ 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಯಾವ ಇಲಾಖೆಯೂ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದು ಬೇಡ ಅಂದಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಬಂದು, ಸಂಪುಟ ಒಳಮೀಸಲಾತಿಯ ಹಂಚಿಕೆ ತೀರ್ಮಾನಿಸಿದ್ದು 2025ರ ಆಗಸ್ಟ್‌ನಲ್ಲಿ. ದಶಕಗಳಿಂದ ಕಾದವರಿಗೆ ನ್ಯಾಯ ಸಿಗಬೇಕಾದದ್ದೇ. ಆದರೆ ಆ ಹತ್ತು ತಿಂಗಳು ಎಲ್ಲ ಸಮುದಾಯದ ಅಭ್ಯರ್ಥಿಗಳ ವಯಸ್ಸೂ ಓಡುತ್ತಲೇ ಇತ್ತು.

ಹುದ್ದೆ ಯಾವ ಮಟ್ಟದ್ದು ಅನ್ನುವುದನ್ನೂ ತಿಳಿದಿರಬೇಕು. ಪ್ರಾಥಮಿಕ ಶಿಕ್ಷಕರ ಹುದ್ದೆ ಜಿಲ್ಲಾ ಮಟ್ಟದ್ದು. ಹಾಸನಕ್ಕೆ ಅರ್ಜಿ ಹಾಕಿದವರು ಹಾಸನದ ಖಾಲಿ ಹುದ್ದೆಗಳಿಗೇ ಪೈಪೋಟಿ ಮಾಡಬೇಕು. ಹೈಸ್ಕೂಲ್ ಶಿಕ್ಷಕರದ್ದು ವಿಭಾಗ ಮಟ್ಟದ್ದು, ನಮ್ಮೆರಡೂ ಜಿಲ್ಲೆ ಮೈಸೂರು ವಿಭಾಗಕ್ಕೆ ಸೇರುತ್ತವೆ. ಹಾಗಾಗಿ ಪಕ್ಕದ ಜಿಲ್ಲೆಯಲ್ಲಿ ನಿಮ್ಮ ವಿಷಯಕ್ಕೆ ಎಷ್ಟು ಹುದ್ದೆ ಇದೆ ಅಂತ ನೋಡದೆ ಊರ ಹತ್ತಿರ ಇರಲಿ ಅಂತ ಅರ್ಜಿ ಹಾಕಿದರೆ, ಒಳ್ಳೆ ಅಂಕ ಇದ್ದೂ ಕೈ ತಪ್ಪುತ್ತದೆ.

ಹೆತ್ತೂರಿನಿಂದ ಕಳಸದವರೆಗೆ: ಅತಿಥಿ ಶಿಕ್ಷಕರ ವರ್ಷಗಳು

ನೇಮಕಾತಿ ತಡವಾದರೆ ಶಾಲೆ ನಿಲ್ಲುವುದಿಲ್ಲ. ಜೂನ್‌ನಲ್ಲಿ ಬಾಗಿಲು ತೆಗೆಯಲೇಬೇಕು. ಆ ಜಾಗಕ್ಕೆ ಬರುವವರು ಅತಿಥಿ ಶಿಕ್ಷಕರು. 2025-26ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೀಗೆ ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿದ್ದು ಸುಮಾರು 51 ಸಾವಿರ ಜನಕ್ಕೆ. ಆ ವರ್ಷದ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000 ರೂಪಾಯಿ ಗೌರವಧನ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ.

ಮಲೆನಾಡಿನಲ್ಲಿ ಇದರ ಅರ್ಥ ಏನು ಅಂತ ತಿಳಿಯಲು ಒಂದು ಚಿಕ್ಕ ಶಾಲೆಯ ಬೆಳಗ್ಗೆ ನೋಡಬೇಕು. ಸಕಲೇಶಪುರದ ಹೆತ್ತೂರು, ಮೂಡಿಗೆರೆಯ ಬಣಕಲ್, ಆಚೆ ಕಳಸದ ಕಡೆ, ಕಾಫಿ ತೋಟಗಳ ನಡುವೆ ಹದಿನೈದು, ಇಪ್ಪತ್ತು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗಳು ಬೇಕಾದಷ್ಟಿವೆ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು ಅನ್ನುತ್ತದೆ ಕಾಯ್ದೆ. ಕಾಯಂ ಇರುವವರು ಒಬ್ಬರು, ಇನ್ನೊಬ್ಬರು ಅತಿಥಿ ಶಿಕ್ಷಕಿ. ಕಾಯಂ ಟೀಚರ್ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮೀಟಿಂಗಿಗೆ ಹೋದ ದಿನ ಇಡೀ ಶಾಲೆ ಅತಿಥಿ ಶಿಕ್ಷಕಿಯ ಕೈಯಲ್ಲಿ. ಬೆಳಗ್ಗೆ ಇರುವುದೇ ಒಂದು ಬಸ್, ಅದು ತಪ್ಪಿದರೆ ಜೀಪು ಅಥವಾ ನಡಿಗೆ. ಆನೆ ಓಡಾಡುತ್ತಿದೆ ಅಂತ ಮೆಸೇಜ್ ಬಂದ ದಿನ ಮಕ್ಕಳು ಬರುವವರೆಗೆ ಗೇಟಿನಲ್ಲೇ ನಿಲ್ಲಬೇಕು. ಒಳಗೆ ಬಂದ ಮೇಲೆ 1ರಿಂದ 3ನೇ ತರಗತಿಯವರನ್ನು ನಲಿ-ಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ವಿಧಾನ) ಗುಂಪುಗಳಲ್ಲಿ ಕೂರಿಸಿ ಕಾರ್ಡ್ ಹಂಚಬೇಕು, 4 ಮತ್ತು 5ನೇಯವರಿಗೆ ಬೋರ್ಡಿನ ಮೇಲೆ ಲೆಕ್ಕ ಬರೆಯಬೇಕು. ಹಾಲು ಕಾಯಿಸಿದ್ದಾರಾ ನೋಡಬೇಕು. ಇವತ್ತು ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಅಂತ ಅಡುಗೆಯವರಿಗೆ ಲೆಕ್ಕ ಹೇಳಬೇಕು. ಹಾಜರಿ ಆನ್‌ಲೈನ್‌ನಲ್ಲಿ ಹಾಕಬೇಕು, ಅದಕ್ಕೆ ನೆಟ್‌ವರ್ಕ್ ಸಿಗುವ ಮೂಲೆ ಯಾವುದು ಅಂತ ಗೊತ್ತಿರಬೇಕು. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಕೆಲವರ ಮನೆಮಾತು ತಮಿಳು, ಕೆಲವರದ್ದು ತುಳು, ಈಚೆಗೆ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳ ಮಕ್ಕಳೂ ಇರುತ್ತಾರೆ. ಅವರಿಗೆ ಕನ್ನಡದ ಮೊದಲ ಅಕ್ಷರ ಕಲಿಸುತ್ತಿರುವವರು ತಿಂಗಳಿಗೆ 12,000ಕ್ಕೆ ದುಡಿಯುತ್ತಿರುವ ಈ ಹೆಣ್ಣುಮಗಳು.

ಇಷ್ಟೆಲ್ಲಾ ಮಾಡಿದ ವರ್ಷಗಳು ಕಾಯಂ ನೇಮಕಾತಿಯ ಹೊತ್ತಿಗೆ ಸೇವೆ ಅಂತ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಆಗುವುದಕ್ಕೆ ಕಾರಣ ಇದೆ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವುದು ತಾತ್ಕಾಲಿಕ ಅಂತ. ಕಾಯಂ ಹುದ್ದೆ ತುಂಬಿದರೆ ಸರ್ಕಾರಕ್ಕೆ ಮೂವತ್ತು ವರ್ಷದ ಸಂಬಳದ ಹೊಣೆ ಬರುತ್ತದೆ, ಅತಿಥಿಗಳಾದರೆ ಹತ್ತು ತಿಂಗಳ ಗೌರವಧನದಲ್ಲಿ ಮುಗಿಯುತ್ತದೆ. ಹಾಗಾಗಿ ತಾತ್ಕಾಲಿಕ ಅನ್ನುವುದು ಪ್ರತಿ ಜೂನ್‌ನಲ್ಲೂ ನವೀಕರಣ ಆಗುತ್ತಾ ಹೋಗುತ್ತದೆ. ಇದು ಅನ್ಯಾಯ ಅಂತ ನೇರವಾಗಿ ಹೇಳಬೇಕು. ಪರೀಕ್ಷೆ ಪಾಸಾದ ಅರ್ಹರು ಕೈಗೆ ಸಿಗುವ ಹಾಗೆ ಇದ್ದಾರೆ, ಹುದ್ದೆಗಳು ಖಾಲಿ ಇವೆ. ನಡುವೆ ಇಲ್ಲದಿರುವುದು ನೇಮಕಾತಿಗೆ ಒಂದು ನಿಗದಿತ ವೇಳಾಪಟ್ಟಿ.

ಮುಂದೆ ಏನಾಗಬಹುದು?

ತೀರ್ಪು ಈಗ ಇರುವಂತೆಯೇ ಉಳಿದರೆ ಮೊದಲ ಪರಿಣಾಮ ಹಳೆಯ ಶಿಕ್ಷಕರ ಮೇಲೆ. ಬಹಳಷ್ಟು ಜನ ಓದಿ ಪಾಸಾಗುತ್ತಾರೆ. ಕೆಲವರು ಸ್ವಯಂ ನಿವೃತ್ತಿಯ ಬಗ್ಗೆ ಯೋಚಿಸುತ್ತಾರೆ. ಪಾಸಾಗದೆ ಉಳಿದವರ ಜಾಗ ಖಾಲಿಯಾಗುತ್ತದೆ. ಆ ಜಾಗಕ್ಕೆ ಕಾಯಂ ನೇಮಕಾತಿ ಆಗದಿದ್ದರೆ ಮತ್ತೆ ಅತಿಥಿ ಶಿಕ್ಷಕರೇ ಬರುತ್ತಾರೆ. ಆಗ ಗುಣಮಟ್ಟಕ್ಕೆ ಅಂತ ಬಂದ ತೀರ್ಪು ಶಾಲೆಗಳಲ್ಲಿ ತಾತ್ಕಾಲಿಕ ಶಿಕ್ಷಕರನ್ನೇ ಹೆಚ್ಚು ಮಾಡಿದ ಹಾಗಾಗುತ್ತದೆ. ಇದರ ಪೆಟ್ಟು ಊರ ಮಧ್ಯದ ದೊಡ್ಡ ಶಾಲೆಗೆ ಅಷ್ಟಾಗಿ ಬೀಳುವುದಿಲ್ಲ, ಒಬ್ಬರೇ ಕಾಯಂ ಟೀಚರ್ ಇರುವ ತೋಟದ ಮಧ್ಯದ ಶಾಲೆಗೆ ಬೀಳುತ್ತದೆ.

ಎರಡನೆಯದು ಬಡ್ತಿಯ ಜಗಳ. 2017ರ ವೃಂದ ಮತ್ತು ನೇಮಕಾತಿ ನಿಯಮದಲ್ಲಿ, 1ರಿಂದ 7ಕ್ಕೆ ಅಂತ ನೇಮಕವಾಗಿದ್ದ ಶಿಕ್ಷಕರನ್ನು 1ರಿಂದ 5ರ ವೃಂದಕ್ಕೆ ಸೇರಿಸಿದರು. ಪದವಿ ಇದ್ದು, ಏಳನೇ ತರಗತಿವರೆಗೆ ಪಾಠ ಮಾಡಿದವರು ತಮ್ಮನ್ನು ಪದವೀಧರ ಶಿಕ್ಷಕರು ಅಂತ ಪರಿಗಣಿಸಿ ಅಂತ ಅಂದಿನಿಂದ ಕೇಳುತ್ತಿದ್ದಾರೆ. ಈಗ ಬಡ್ತಿಗೆ ಟಿಇಟಿ ಬೇಕು ಅಂದ ಮೇಲೆ ಆ ಬೇಡಿಕೆಗೆ ಇನ್ನೊಂದು ಗಂಟು ಬಿದ್ದಿದೆ. ಅವರಿಗೆ ಬಡ್ತಿ ಕೊಟ್ಟರೆ ಹೊಸಬರಿಗೆ 6ರಿಂದ 8ರಲ್ಲಿ ಸಿಗುವ ಹುದ್ದೆ ಕಡಿಮೆಯಾಗಿ 1ರಿಂದ 5ರಲ್ಲಿ ಜಾಸ್ತಿಯಾಗುತ್ತದೆ. ಕೊಡದಿದ್ದರೆ ಉಲ್ಟಾ. ಡಿ.ಎಡ್ ಮಾಡಿದವರೂ ಬಿ.ಎಡ್ ಮಾಡಿದವರೂ ಈ ತೀರ್ಮಾನವನ್ನು ಗಮನಿಸುತ್ತಿರಬೇಕು.

ಮೂರನೆಯದು ಕೋರ್ಸ್‌ಗಳದ್ದು. ಬಿ.ಎಡ್ 2015ರಿಂದ ಎರಡು ವರ್ಷದ್ದು. ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಮತ್ತೆ ಒಂದು ವರ್ಷದ ಬಿ.ಎಡ್ ತರುವ ಕರಡನ್ನು ಎನ್‌ಸಿಟಿಇ 2025ರಲ್ಲಿ ಹೊರತಂದಿತು. ಆದರೆ ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ವಾಪಸ್ ಬಂದಿದೆ. ಕರಡು ಹಾಗೇ ಜಾರಿಯಾದರೂ ಇಲ್ಲಿನ ಬಿ.ಎ, ಬಿ.ಎಸ್ಸಿ ಮುಗಿಸಿದವರಿಗೆ ನೇರವಾಗಿ ಅದರ ಲಾಭ ಇಲ್ಲ, ಎಂ.ಎ ಅಥವಾ ಎಂ.ಎಸ್ಸಿ ಮಾಡಿರಬೇಕು. ಒಂದು ವರ್ಷದ ಬಿ.ಎಡ್ ಬರುತ್ತಂತೆ, ಕಾಯೋಣ ಅನ್ನುವವರು ಇದನ್ನು ನೋಡಿಕೊಳ್ಳಿ.

ಇನ್ನೊಂದು ದಾರಿ ಪಿಯುಸಿ ಆದ ಮೇಲೆ ನೇರವಾಗಿ ನಾಲ್ಕು ವರ್ಷದ ಸಂಯೋಜಿತ ಕೋರ್ಸ್, ಐಟಿಇಪಿ ಅಂತಾರೆ. ಪದವಿ ಮತ್ತು ಶಿಕ್ಷಕ ತರಬೇತಿ ಎರಡೂ ಒಟ್ಟಿಗೆ ಮುಗಿಯುತ್ತದೆ, ಮೂರು ವರ್ಷ ಪದವಿ, ಎರಡು ವರ್ಷ ಬಿ.ಎಡ್ ಅಂತ ಐದು ವರ್ಷ ಕೊಡುವುದಕ್ಕಿಂತ ಒಂದು ವರ್ಷ ಉಳಿಯುತ್ತದೆ. ಇದಕ್ಕೆ ರಾಷ್ಟ್ರ ಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಹಾಸನದಿಂದ ಎರಡು ಮೂರು ಗಂಟೆ ದೂರದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿಗೆ ಸೇರಿದ್ದು, ದಕ್ಷಿಣ ರಾಜ್ಯಗಳ ಮಕ್ಕಳೆಲ್ಲ ಸೀಟಿಗೆ ಕಾಯುವ ಜಾಗ ಅದು. ನಮ್ಮ ತಾಲ್ಲೂಕುಗಳ ಪಿಯು ಕಾಲೇಜುಗಳಲ್ಲಿ ನೀಟ್, ಸಿಇಟಿ ಬಗ್ಗೆ ಹೇಳುವಷ್ಟು ಇದರ ಬಗ್ಗೆ ಹೇಳುವುದಿಲ್ಲ. ಹೇಳಬೇಕು.

ಈಗ ಕಾಯುತ್ತಿರುವವರು ಮಾಡಬಹುದಾದದ್ದು

ಟಿಇಟಿ ಒಮ್ಮೆ ಪಾಸಾದ ಮೇಲೆ ಮತ್ತೆ ಬರೆಯುವುದು ದಂಡ ಅಂತ ಬಹಳ ಜನ ಬಿಡುತ್ತಾರೆ. ಆದರೆ ಪದವೀಧರ ಶಿಕ್ಷಕರ ಆಯ್ಕೆಯಲ್ಲಿ ಪರೀಕ್ಷೆಯ ಅಂಕದ ಜೊತೆಗೆ ಟಿಇಟಿ ಅಂಕಕ್ಕೂ ಪದವಿ ಅಂಕಕ್ಕೂ ಪಾಲಿದೆ. 92 ತೆಗೆದು ಪಾಸಾದವರು ಮತ್ತೆ ಬರೆದು 115 ತೆಗೆದರೆ ಅದು ಪಟ್ಟಿಯಲ್ಲಿ ಮೇಲೆ ತರುತ್ತದೆ. ಪದವಿ ಅಂಕ ಬದಲಾಯಿಸಲು ಆಗಲ್ಲ, ಇದನ್ನು ಬದಲಾಯಿಸಬಹುದು.

ಪದವಿ ಮತ್ತು ಡಿ.ಎಡ್ ಎರಡೂ ಇರುವವರು ಎರಡೂ ಪತ್ರಿಕೆ ಬರೆಯಿರಿ, ಯಾವ ವೃಂದಕ್ಕೆ ಮೊದಲು ಕರೆಯುತ್ತಾರೋ ಅದಕ್ಕೆ ಸಿದ್ಧ ಇರಬಹುದು. ಪದವೀಧರ ಶಿಕ್ಷಕರ ನೇಮಕಾತಿ ಪರೀಕ್ಷೆಯಲ್ಲಿ ಟಿಇಟಿಯ ಹಾಗೆ ಸರಿಯುತ್ತರ ಆರಿಸುವ ಪ್ರಶ್ನೆಗಳಷ್ಟೇ ಇರುವುದಿಲ್ಲ, ವಿವರಿಸಿ ಬರೆಯಬೇಕಾದದ್ದೂ ಇರುತ್ತದೆ. ಹುದ್ದೆ ಇದ್ದೂ ಖಾಲಿ ಉಳಿದದ್ದಕ್ಕೆ ಇದೂ ಒಂದು ಕಾರಣ. ಗೈಡ್ ಓದಿ ಓದಿ ಬರೆಯುವ ಅಭ್ಯಾಸ ತಪ್ಪಿದವರು ದಿನಕ್ಕೆ ಒಂದು ಪುಟ ಆದರೂ ಕೈಯಲ್ಲಿ ಬರೆಯುವುದು ಒಳ್ಳೆಯದು. ಮದುವೆಯಾದ ಹೆಣ್ಣುಮಕ್ಕಳು ಅರ್ಜಿ ಹಾಕುವ ಮೊದಲು, ಜಾತಿ-ಆದಾಯ ಪತ್ರ ಯಾರ ಹೆಸರಿನಲ್ಲಿ ಇರಬೇಕು ಅಂತ ಅಧಿಸೂಚನೆಯಲ್ಲಿ ಬರೆದಿದೆಯಾ ಅಂತ ಎರಡು ಸಲ ಓದಿ, ನಾಡಕಚೇರಿಯಿಂದ ಹೊಸ ಪತ್ರ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. 2022ರಲ್ಲಿ ಅಷ್ಟು ಜನರ ಒಂದು ವರ್ಷ ತಿಂದದ್ದು ಆ ಒಂದು ಹಾಳೆ.